ಮ್ಯಾಕ್ರೋ ಕೊಡುವುದು ಬೆಲೆಯಲ್ಲ, ಬರಹ

ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಕಲಿಯುವ ಕಂಪ್ಯೂಟರ್ ಭಾಷೆಗಳಲ್ಲಿ ‘ಸ್ಯಾಸ್’ ಒಂದು. ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ, ಕೃಷಿ ಪ್ರಯೋಗಗಳ ಅಂಕಿ-ಅಂಶ ವಿಶ್ಲೇಷಿಸಲು 1960ರ ದಶಕದಲ್ಲಿ ಹುಟ್ಟಿದ ಭಾಷೆ ಇದು. 1976ರಲ್ಲಿ ಇದೇ ಹೆಸರಿನ ಸಂಸ್ಥೆ ಸ್ಥಾಪನೆಯಾಯಿತು. ಮುಂದೆ ಔಷಧ ಪರೀಕ್ಷೆ, ಬ್ಯಾಂಕು, ವಿಮೆ ಮೊದಲಾದ ಕ್ಷೇತ್ರಗಳಿಗೂ ಈ ಭಾಷೆ ಹರಡಿತು.

ಒಂದೇ ಲೆಕ್ಕವನ್ನು ಇಪ್ಪತ್ತು ಕಡೆ ಬರೆಯುವ ಬದಲು ಅದಕ್ಕೊಂದು ಹೆಸರಿಟ್ಟು, ಬೇಕಾದಲ್ಲಿ ಆ ಹೆಸರನ್ನಷ್ಟೇ ಬರೆಯುವ ಸೌಲಭ್ಯ ಸ್ಯಾಸ್‌ನಲ್ಲಿದೆ. ಅದೇ ಮ್ಯಾಕ್ರೋ. ಕೆಲವು ಮ್ಯಾಕ್ರೋಗಳು ಇಡೀ ವರದಿಯನ್ನೇ ತಯಾರಿಸುತ್ತವೆ. ಇನ್ನು ಕೆಲವು ಒಂದು ಆದೇಶದ ನಡುವೆ ಫಂಕ್ಷನ್‌ನಂತೆ ಕುಳಿತು ಕೆಲಸ ಮಾಡುತ್ತವೆ. ವಿದ್ಯಾರ್ಥಿಗಳು ಎಡವುವುದು ಈ ಎರಡನೆಯ ಬಗೆಯಲ್ಲಿ.

ವರ್ಗಮೂಲದ ಫಂಕ್ಷನ್‌ಗೆ 16 ಕೊಟ್ಟರೆ 4 ಎಂಬ ಬೆಲೆ ಬರುತ್ತದೆ. ಮ್ಯಾಕ್ರೋ ಹಾಗಲ್ಲ. ಅದು ಕೊಡುವುದು ಬರಹವನ್ನು. ಲೆಕ್ಕ ಶುರುವಾಗುವ ಮೊದಲೇ ಸ್ಯಾಸ್ ಮ್ಯಾಕ್ರೋದ ಹೆಸರನ್ನು ಅಳಿಸಿ, ಅದರೊಳಗಿನ ಬರಹವನ್ನು ಆ ಜಾಗದಲ್ಲಿ ಇಡುತ್ತದೆ. ಲೆಕ್ಕ ನಡೆಯುವುದು ಆಮೇಲೆ.

ಸಂಖ್ಯೆಯನ್ನು ಎರಡರಿಂದ ಗುಣಿಸುವ ಮ್ಯಾಕ್ರೋ ಒಂದಿರಲಿ. ಅದರ ಹೆಸರು ‘ಇಮ್ಮಡಿ’. (ಸ್ಯಾಸ್‌ನಲ್ಲಿ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.) ಒಳಗಿನ ಬರಹ ‘ಸಂಖ್ಯೆ * 2’. ಇದಕ್ಕೆ 3+4 ಕೊಟ್ಟರೆ 14 ಬರಬೇಕಲ್ಲವೇ? ಬರುವುದು 11! ಏಕೆಂದರೆ ಅಲ್ಲಿ ಕೂರುವ ಬರಹ 3+4*2. ಗುಣಾಕಾರ ಮೊದಲು, ಸಂಕಲನ ನಂತರ. ಸಂಖ್ಯೆಗೊಂದು ಆವರಣ ಹಾಕಿದರೆ 14 ಸಿಗುತ್ತದೆ. ಅಷ್ಟೂ ಸಾಲದು. 100ನ್ನು ‘ಇಮ್ಮಡಿ 5’ರಿಂದ ಭಾಗಿಸಿದರೆ 10 ಬರುವ ಬದಲು 40 ಬರುತ್ತದೆ. ಹಾಗಾಗಿ ಇಡೀ ಬರಹಕ್ಕೂ ಹೊರಗೊಂದು ಆವರಣ ಬೇಕು: ((ಸಂಖ್ಯೆ) * 2).

ಆ ಬರಹದ ಕೊನೆಯಲ್ಲಿ ಅಭ್ಯಾಸಬಲದಿಂದ ಅರ್ಧವಿರಾಮ ಹಾಕಿದರೆ ಅದೂ ಬರಹದ ಜೊತೆಗೇ ಹೋಗಿ ಆದೇಶವನ್ನು ನಡುವೆಯೇ ಕತ್ತರಿಸುತ್ತದೆ. ನಕ್ಷತ್ರ ಚಿಹ್ನೆಯಿಂದ ಶುರುವಾಗುವ ಟಿಪ್ಪಣಿಯೂ ಬರಹವೇ. ‘ಡೇಟಾ’ ಅಥವಾ ‘ಪ್ರಾಕ್’ ಹಂತಗಳನ್ನು ಇಂಥ ಮ್ಯಾಕ್ರೋದೊಳಗೆ ಇಡಲಾಗದು.

ಇನ್ನೊಂದು ಅಪಾಯ ಹೆಸರುಗಳದು. ಹತ್ತು ತಾಲ್ಲೂಕುಗಳ ಲೆಕ್ಕ ಮಾಡುವ ಹೊರಗಿನ ಮ್ಯಾಕ್ರೋ ಎಣಿಕೆಗೆ ‘ಐ’ ಎಂಬ ಹೆಸರು ಬಳಸಿದೆ. ಒಳಗಿನ ಮ್ಯಾಕ್ರೋ ಹನ್ನೆರಡು ತಿಂಗಳ ಎಣಿಕೆಗೂ ಅದೇ ‘ಐ’ ಬಳಸಿದರೆ, ಮೊದಲ ತಾಲ್ಲೂಕು ಮುಗಿಯುವಷ್ಟರಲ್ಲಿ ‘ಐ’ 13 ಆಗಿರುತ್ತದೆ. ಹತ್ತು ದಾಟಿತೆಂದು ಕೆಲಸ ಅಲ್ಲಿಗೇ ನಿಲ್ಲುತ್ತದೆ. ಒಂಬತ್ತು ತಾಲ್ಲೂಕು ಮಾಯ. ತಪ್ಪಿನ ಸೂಚನೆಯೂ ಇಲ್ಲ! ಒಳಗಿನ ಮ್ಯಾಕ್ರೋದ ಆರಂಭದಲ್ಲಿ ‘ಲೋಕಲ್’ ಆದೇಶ ಕೊಟ್ಟು ‘ಐ’ಯನ್ನು ಅದರದೇ ಸ್ವಂತದ್ದಾಗಿ ಮಾಡಿಕೊಳ್ಳುವುದೇ ಇದಕ್ಕೆ ಮದ್ದು.

ಎಲ್ಲಕ್ಕಿಂತ ಮೋಸದ್ದು ಹೋಲಿಕೆ. ‘ಅಂಕ 35 ಅಥವಾ ಹೆಚ್ಚಿದ್ದರೆ ಪಾಸು’ ಎಂದು ಮ್ಯಾಕ್ರೋದ ‘ಇಫ್’ನಿಂದ ಕೇಳಿದರೆ, ಮ್ಯಾಕ್ರೋಗೆ ವಿದ್ಯಾರ್ಥಿಯ ಅಂಕ ಕಾಣುವುದೇ ಇಲ್ಲ. ಕಾಣುವುದು ಆ ಅಂಕಣದ ಹೆಸರು ಮಾತ್ರ. ಸಾಮಾನ್ಯ ಪಿ.ಸಿ.ಗಳಲ್ಲಿ ಅಕ್ಷರಗಳ ಸ್ಥಾನ ಅಂಕಿಗಳ ನಂತರ. ಹೀಗಾಗಿ ಹೆಸರು 35ಕ್ಕಿಂತ ದೊಡ್ಡದೆನಿಸಿ ತರಗತಿಯಲ್ಲಿ ಎಲ್ಲರೂ ಪಾಸು! ಅಂಕಗಳನ್ನು ಹೋಲಿಸುವ ಕೆಲಸ ‘ಡೇಟಾ’ ಹಂತದ ಸಾಮಾನ್ಯ ‘ಇಫ್’ಗೇ ಸೇರಿದ್ದು.

ಪರೀಕ್ಷಿಸುವುದು ಸುಲಭ. ಮ್ಯಾಕ್ರೋದ ಮುಂದೆ ‘ಶೇಕಡಾ ಪುಟ್’ ಎಂದು ಬರೆದರೆ ಅದು ಬಿಟ್ಟುಹೋಗುವ ಬರಹ ಲಾಗ್‌ನಲ್ಲಿ ಇದ್ದಂತೆಯೇ ಕಾಣುತ್ತದೆ. ಹೊಸ ಮ್ಯಾಕ್ರೋ ಬರೆದಾಗಲೆಲ್ಲ ಈ ಪರೀಕ್ಷೆ ಮಾಡಿ, ಉತ್ತರ ಮೊದಲೇ ಗೊತ್ತಿರುವ ಸಣ್ಣ ಲೆಕ್ಕವೊಂದನ್ನು ಕೊಟ್ಟು ನೋಡುವ ವಿದ್ಯಾರ್ಥಿ ಮುಂದೆ ಪೇಚಿಗೆ ಸಿಲುಕುವುದಿಲ್ಲ. ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆಂದು ಸಂತೋಷಪಡುವ ತಂದೆ-ತಾಯಿಯರೂ ಕೇಳಬಹುದಾದ ಪ್ರಶ್ನೆ ಒಂದಿದೆ: ‘ಉತ್ತರ ಬಂತು ಸರಿ, ಅದು ಸರಿಯೆಂದು ಹೇಗೆ ಗೊತ್ತಾಯಿತು?’