ಒಂದು ಕೀ ಕೆಟ್ಟರೆ ಇಡೀ ಕೀಬೋರ್ಡ್ ಯಾಕೆ ಬದಲಿಸಬೇಕು?

ನುಡಿಯಲ್ಲಿ ‘ಅಮ್ಮ’ ಅಂತ ಟೈಪ್ ಮಾಡಿದ್ರೆ ‘ಅಮಮ’ ಅಂತ ಬರ್ತಿತ್ತು. ಟೀ ಚೆಲ್ಲಿ ಎಫ್ ಕೀ ಅಂಟಿಕೊಂಡಿತ್ತು, ಒತ್ತಿದರೂ ಇಳೀತಿರಲಿಲ್ಲ. ಕೆ.ಪಿ. ರಾವ್ ವಿನ್ಯಾಸದಲ್ಲಿ ಒತ್ತಕ್ಷರ ಬರೋದೇ ಆ ಕೀಯಿಂದ! ರಿಪೇರಿ ಅಂಗಡಿಯಲ್ಲಿ ಒಂದೇ ಮಾತು: “ಪೂರ್ತಿ ಕೀಬೋರ್ಡ್ ಚೇಂಜ್ ಮಾಡ್ಬೇಕು.”

ಹೂಂ ಅನ್ನೋ ಮೊದಲು ಇಷ್ಟು ಮಾಡಿ ನೋಡಿ 👇

1. ಬೇರೆ ಯುಎಸ್‌ಬಿ ಕೀಬೋರ್ಡ್ ಹಾಕಿ. ಅದರಲ್ಲೂ ಅದೇ ತೊಂದರೆ ಇದ್ರೆ, ಸೆಟ್ಟಿಂಗ್ಸ್ ನೋಡಿ.
2. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಓರೆಯಾಗಿ ಹಿಡಿದು ಮೆತ್ತನೆ ಬ್ರಷ್‌ನಿಂದ ಧೂಳು ತೆಗೀರಿ.
3. ಜಿಗುಟಿದ್ರೆ ಹತ್ತಿಕಡ್ಡಿಗೆ ಸ್ವಲ್ಪವೇ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಕೀ ಅಂಚು ಒರೆಸಿ. ಪೂರ್ತಿ ಒಣಗಿದ ಮೇಲೇ ಆನ್ ಮಾಡಿ.

ಕೀಯನ್ನ ಚಾಕುವಿನಿಂದ ಮೀಟಬೇಡಿ. ಅಡಿಯಲ್ಲಿರೋ ಸಣ್ಣ ಪ್ಲಾಸ್ಟಿಕ್ ಕ್ಲಿಪ್ ಮುರಿದ್ರೆ ಕೆಲಸ ಕೆಟ್ಟಂಗೆ.

ನನ್ನ ‘ಅಮ್ಮ’ ಮೂರನೇದಕ್ಕೇ ಸರಿಹೋದಳು 😄

ಆದ್ರೆ ಅಂಗಡಿಯವರನ್ನಷ್ಟೇ ಬೈದು ಏನು ಫಲ? ಎಷ್ಟೋ ಮಾಡೆಲ್‌ಗಳಲ್ಲಿ ಕೀಬೋರ್ಡನ್ನ ಮೇಲಿನ ಕವಚಕ್ಕೇ ರಿವೆಟ್ ಹೊಡೆದಿರ್ತಾರೆ. ಒಂದು ಕೀ ಹೋದ್ರೂ ಬಿಲ್ ಇಡೀ ಕವಚದ್ದು. ಸೈಕಲ್ ಬೆಲ್ ಕೆಟ್ಟರೆ ಹ್ಯಾಂಡಲ್ ಬದಲಿಸ್ತೀವಾ? ಮುಂದಿನ ಸಲ ಲ್ಯಾಪ್‌ಟಾಪ್ ಕೊಳ್ಳುವಾಗ ರ್‍ಯಾಮ್ ಎಷ್ಟು ಅಂತ ಕೇಳಿದ ಹಾಗೇ “ಕೀಬೋರ್ಡ್ ಒಂದನ್ನೇ ಬದಲಿಸಬಹುದಾ?” ಅಂತಲೂ ಕೇಳಿ. ನಾವು ಕೇಳದೆ ಅವರು ಬದಲಾಗಲ್ಲ.

ನಿಮಗೆ ಕೈಕೊಟ್ಟ ಕೀ ಯಾವುದು? ಕಾಮೆಂಟ್‌ನಲ್ಲಿ ಹೇಳಿ.