‘ಮೆಂತೆ’ಯೂ ‘ಆಗಿ’ಯೂ

ಸ್ಪ್ಯಾನಿಷ್ ಕಲಿಯತೊಡಗಿದವರಿಗೆ ಮೊದಲ ಕೆಲವು ವಾರಗಳಲ್ಲಿಯೇ ಒಂದು ಸೂತ್ರ ದೊರೆಯುತ್ತದೆ. ಗುಣವಾಚಕವನ್ನು ಸ್ತ್ರೀಲಿಂಗಕ್ಕೆ ತಿರುಗಿಸಿ ಅದರ ಕೊನೆಗೆ ‘ಮೆಂತೆ’ ಎಂದು ಹಚ್ಚಿದರೆ ಕ್ರಿಯಾವಿಶೇಷಣ ಸಿದ್ಧ. ‘ಲೆಂತೊ’ ಎಂದರೆ ನಿಧಾನದ. ಅದರ ಸ್ತ್ರೀಲಿಂಗ ರೂಪ ‘ಲೆಂತ’. ‘ಲೆಂತಮೆಂತೆ’ ಎಂದರೆ ನಿಧಾನವಾಗಿ. ಸುಲಭ ಎಂಬರ್ಥದ ‘ಫಾಸಿಲ್’ನಂತಹ ಪದಗಳಿಗೆ ಎರಡು ಲಿಂಗಗಳಲ್ಲಿಯೂ ಒಂದೇ ರೂಪವಿರುವುದರಿಂದ ನೇರ ‘ಫಾಸಿಲ್‌ಮೆಂತೆ’. ಇಷ್ಟು ಹೇಳಿ ಕೈಪಿಡಿಗಳು ಮುಂದಿನ ಪಾಠಕ್ಕೆ ದಾಟುತ್ತವೆ. ಕ್ರಿಯೆಯನ್ನು ವಿಶೇಷಿಸುವ ಪದದೊಳಗೆ ಲಿಂಗಕ್ಕೇನು ಕೆಲಸ, ಅದರಲ್ಲಿಯೂ ಸ್ತ್ರೀಲಿಂಗವೇ ಏಕೆ ಬಂದು ಕುಳಿತಿತು ಎಂಬುದನ್ನು ಬಹಳಷ್ಟು ಕೈಪಿಡಿಗಳು ಎತ್ತುವುದೇ ಇಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಕುತೂಹಲ ಮೂಡಬೇಕಾದದ್ದು ಈ ಪ್ರಶ್ನೆಯಲ್ಲಿ. ಅದರ ಉತ್ತರವು ಅವನ ಉತ್ತರಪತ್ರಿಕೆಯ ಕನ್ನಡದವರೆಗೂ ಬಂದು ಮುಟ್ಟುತ್ತದೆ.

‘ಮೆಂತೆ’ ಹುಟ್ಟಿನಿಂದ ಪ್ರತ್ಯಯವಲ್ಲ. ಲ್ಯಾಟಿನ್ನಿನಲ್ಲಿ ಮನಸ್ಸಿಗೆ ‘ಮೆನ್ಸ್’ ಎಂಬ ಪದವಿತ್ತು. ‘ಮನಸ್ಸಿನಿಂದ’ ಎಂಬರ್ಥದ ಅದರ ವಿಭಕ್ತಿರೂಪ ‘ಮೆಂತೆ’. ತಿಳಿಮನಸ್ಸಿನಿಂದ, ದೃಢಮನಸ್ಸಿನಿಂದ ಎಂಬಂತೆ ಗುಣವಾಚಕದೊಡನೆ ಅದು ಬಿಡಿಪದವಾಗಿ ಬರುತ್ತಿತ್ತು. ‘ಮೆನ್ಸ್’ ಸ್ತ್ರೀಲಿಂಗದ ಪದವಾದುದರಿಂದ ಅದರ ವಿಶೇಷಣವೂ ಸ್ತ್ರೀಲಿಂಗದಲ್ಲಿಯೇ ನಿಲ್ಲಬೇಕಾಯಿತು. ಕಾಲ ಕಳೆದಂತೆ ಮನಸ್ಸಿನ ಅರ್ಥ ಸವೆದುಹೋಯಿತು, ಲಿಂಗದ ಗುರುತು ಮಾತ್ರ ಉಳಿಯಿತು. ಎಂಟನೆಯ ಶತಮಾನದ್ದೆಂದು ಹೇಳಲಾಗುವ ರೈಖೆನೌ ಪದಟಿಪ್ಪಣಿಗಳಲ್ಲಿ ಹಳೆಯ ಲ್ಯಾಟಿನ್ನಿನ ‘ಸಿಂಗುಲಾರಿತೆರ್’ ಎಂಬ ಪದಕ್ಕೆ ‘ಸೋಲಮೆಂತೆ’ ಎಂಬ ಅರ್ಥವನ್ನು ಬರೆದಿಟ್ಟಿದ್ದಾರೆ. ಆ ಹೊತ್ತಿಗಾಗಲೇ ಬಿಡಿಪದವು ಪ್ರತ್ಯಯದ ಹಾದಿ ಹಿಡಿದಿತ್ತು. ಇಂದು ಸ್ಪ್ಯಾನಿಷಿನಲ್ಲಿ ನದಿಯೂ ‘ಲೆಂತಮೆಂತೆ’ ಹರಿಯುತ್ತದೆ. ನದಿಗೆ ಮನಸ್ಸಿದೆಯೇ ಎಂದು ಯಾರೂ ಕೇಳುವುದಿಲ್ಲ.

ಆದರೂ ಅದು ಪೂರ್ತಿ ಸತ್ತ ಪದವಲ್ಲ. ‘ಮೆಂತೆ’ ಹಚ್ಚಿದ ಪದಗಳಲ್ಲಿ ಸ್ಪ್ಯಾನಿಷರು ಇಂದಿಗೂ ಎರಡು ಕಡೆ ಒತ್ತು ಕೊಟ್ಟು ಉಚ್ಚರಿಸುತ್ತಾರೆ, ಎರಡು ಪದಗಳನ್ನು ಆಡಿದಂತೆ. ಮೂಲ ಗುಣವಾಚಕದ ಮೇಲೆ ಒತ್ತಿನ ಗೆರೆ ಇದ್ದರೆ ಬರಹದಲ್ಲಿ ಅದನ್ನು ಹಾಗೆಯೇ ಉಳಿಸುತ್ತಾರೆ. ಇದಕ್ಕಿಂತಲೂ ಸೊಗಸಾದ ಸಾಕ್ಷಿ ಮತ್ತೊಂದಿದೆ. ‘ಸ್ಪಷ್ಟವಾಗಿ’, ‘ಸರಳವಾಗಿ’ ಎಂಬ ಎರಡನ್ನು ಜೋಡಿಸುವಾಗ ಅವರು ‘ಕ್ಲಾರಮೆಂತೆ ಇ ಸೆನ್ಸಿಯಮೆಂತೆ’ ಎನ್ನದೆ ‘ಕ್ಲಾರ ಇ ಸೆನ್ಸಿಯಮೆಂತೆ’ ಎನ್ನುತ್ತಾರೆ. ಮೊದಲನೆಯದು ಬರಿಯ ಸ್ತ್ರೀಲಿಂಗದ ಗುಣವಾಚಕವಾಗಿ ಕಾದು ನಿಲ್ಲುತ್ತದೆ. ಕೊನೆಗೆ ಬರುವ ಒಂದೇ ‘ಮೆಂತೆ’ ಎರಡನ್ನೂ ಹೊರುತ್ತದೆ. ಸೋದರ ಭಾಷೆಗಳಾದ ಫ್ರೆಂಚ್ ಮತ್ತು ಇಟಾಲಿಯನ್ ಈ ಸ್ವಾತಂತ್ರ್ಯವನ್ನು ಕಳೆದುಕೊಂಡಿವೆ, ಪೋರ್ಚುಗೀಸ್ ಉಳಿಸಿಕೊಂಡಿದೆ.

ಕನ್ನಡದ ಕಿವಿಗೆ ಇದು ಹೊಸದಲ್ಲ. ‘ಆಗಿ’ ಎಂಬುದು ‘ಆಗು’ ಧಾತುವಿನ ಕೃದಂತಾವ್ಯಯ. ‘ವೈದ್ಯನಾಗಿ ಮರಳಿದ’ ಎಂಬಲ್ಲಿ ಅದಕ್ಕೆ ತನ್ನ ಅರ್ಥವಿದೆ. ‘ವೇಗವಾಗಿ ಓಡಿದ’ ಎಂಬಲ್ಲಿ ಆ ಅರ್ಥ ಸವೆದಿದೆ. ಆದರೆ ‘ಸರಳವೂ ಸ್ಪಷ್ಟವೂ ಆಗಿ ಬರೆದನು’ ಎಂದಾಗ ಕನ್ನಡವೂ ಸ್ಪ್ಯಾನಿಷಿನ ಜಾಣತನವನ್ನೇ ತೋರುತ್ತದೆ: ಒಂದೇ ‘ಆಗಿ’ ಕೊನೆಯಲ್ಲಿ ನಿಂತು ಎರಡು ಪದಗಳ ಭಾರ ಹೊರುತ್ತದೆ. ಹಿಂದಿನ ತಲೆಮಾರಿನ ಗದ್ಯಕಾರರ ಕೈಯಲ್ಲಿ ಸಲೀಸಾಗಿದ್ದ ಈ ವಾಕ್ಯರಚನೆ ಇಂದಿನ ಉತ್ತರಪತ್ರಿಕೆಗಳಲ್ಲಿ ಅಪರೂಪ. ಅಲ್ಲಿ ಕಾಣುವುದು ‘ಕವಿಯು ಪ್ರಕೃತಿಯನ್ನು ಅತ್ಯಂತ ಸುಂದರವಾಗಿ, ಮನೋಜ್ಞವಾಗಿ ಹಾಗೂ ಪರಿಣಾಮಕಾರಿಯಾಗಿ ವರ್ಣಿಸಿದ್ದಾನೆ’ ಎಂಬ ಮಾದರಿ. ಮೂರು ‘ಆಗಿ’ಗಳ ನಂತರವೂ ಕವಿ ಮಾಡಿದ್ದೇನೆಂಬುದು ಓದುಗನಿಗೆ ತಿಳಿಯದು. ಈ ವಾಕ್ಯವನ್ನು ಯಾವ ಕವಿಗಾದರೂ ಹೊಂದಿಸಬಹುದು. ಪರೀಕ್ಷೆಯಲ್ಲಿ ಅದರ ಅನುಕೂಲವೂ ಅದೇ ಇರಬೇಕು.

ಎಲ್ಲ ಪದಕ್ಕೂ ಹೊಂದುವ ಪ್ರತ್ಯಯ ಬರೆಯುವವನನ್ನು ಸೋಮಾರಿಯಾಗಿಸುತ್ತದೆ. ಸ್ಪ್ಯಾನಿಷ್ ಲೇಖಕರು ಇದನ್ನು ಚೆನ್ನಾಗಿ ಬಲ್ಲರು. ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ‘ಮೆಂತೆ’ಯ ಕ್ರಿಯಾವಿಶೇಷಣಗಳನ್ನು ತಮ್ಮ ಗದ್ಯದಿಂದ ಹೊರಗಟ್ಟಲು ಹಟ ತೊಟ್ಟವರು, 2002ರಲ್ಲಿ ಪ್ರಕಟವಾದ ಆತ್ಮಕಥನದಲ್ಲಿಯೂ ಆ ಅಸಹನೆಯನ್ನು ಹೇಳಿಕೊಂಡಿದ್ದಾರೆ. ಸುಲಭದ ಪದವನ್ನು ಬಿಟ್ಟಾಗ ಅದಕ್ಕಿಂತ ಸಮೃದ್ಧವಾದ ಮತ್ತೊಂದು ಹಾದಿಯನ್ನು ಹುಡುಕಲೇಬೇಕಾಗುತ್ತದೆ ಎಂಬುದು ಅವರ ಅನುಭವ. ಅಂತಹ ಹಾದಿಗಳು ಸ್ಪ್ಯಾನಿಷಿನಲ್ಲಿ ಬೇಕಾದಷ್ಟಿವೆ. ‘ಕೊನ್ ಕುಯಿದಾದೊ’ ಎಂದರೆ ಎಚ್ಚರಿಕೆಯಿಂದ. ನಮ್ಮ ತೃತೀಯಾ ವಿಭಕ್ತಿ ಮಾಡುವ ಕೆಲಸವನ್ನು ಅಲ್ಲಿ ‘ಕೊನ್’ ಎಂಬ ಪುಟ್ಟ ಪದ ಮಾಡುತ್ತದೆ. ಗುಣವಾಚಕವನ್ನೇ ಏನೂ ಹಚ್ಚದೆ ಕ್ರಿಯೆಯ ಪಕ್ಕಕ್ಕೆ ನಿಲ್ಲಿಸುವುದೂ ಉಂಟು: ‘ಆಬ್ಲಾರ್ ಕ್ಲಾರೊ’ ಎಂದರೆ ಮುಚ್ಚುಮರೆಯಿಲ್ಲದೆ ಮಾತಾಡುವುದು, ‘ರೆಸ್ಪಿರಾರ್ ಓಂದೊ’ ಎಂದರೆ ಆಳಕ್ಕೆ ಉಸಿರೆಳೆಯುವುದು. ಲ್ಯಾಟಿನ್ ಅಮೆರಿಕದ ಆಡುಮಾತಿಗೆ ಈ ಬತ್ತಲೆ ರೂಪಗಳ ಮೇಲೆ ಇನ್ನೂ ಹೆಚ್ಚಿನ ಒಲವು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ವಿದ್ಯಾರ್ಥಿಯ ಮನೆಮಾತಿನಲ್ಲಿ ನಡೆಯುವುದೂ ಇದೇ. ‘ಲಗೂನ ಬಾ’, ‘ಸಾವಕಾಶ ಹೋಗ್ರಿ’, ‘ಗಪ್ಪ ಕೂಡು’, ‘ಜೋರ ಓಡಬ್ಯಾಡ’: ಒಂದರಲ್ಲಿಯೂ ‘ಆಗಿ’ ಇಲ್ಲ. ಪಕ್ಕದ ಮನೆಯ ಮರಾಠಿಯೂ ‘ಸಾವಕಾಶ್ ಜಾ’, ‘ಗಪ್ಪ್ ಬಸ್’ ಎನ್ನುತ್ತದೆ. ಬರೆಯಲು ಕುಳಿತಾಗ ವಿದ್ಯಾರ್ಥಿ ಇವೆಲ್ಲ ಮರಾಠಿಯ ಸೋಂಕು ತಗಲಿದ ಪದಗಳೆಂದು ನಾಚಿ ‘ಶೀಘ್ರವಾಗಿ’, ‘ನಿಧಾನವಾಗಿ’, ‘ಮೌನವಾಗಿ’ ಎಂದು ತಿದ್ದಿಕೊಳ್ಳುತ್ತಾನೆ. ಅವನು ತಿದ್ದದಿದ್ದರೆ ಕೆಲವು ಅಧ್ಯಾಪಕರ ಕೆಂಪು ಶಾಯಿ ತಿದ್ದುತ್ತದೆ. ಈ ನಾಚಿಕೆಗೆ ಆಧಾರವಿಲ್ಲ. ‘ಸಾವಕಾಶ’ವು ಸಂಸ್ಕೃತದಿಂದ ಬಂದದ್ದು, ಅದರ ಬದಲಿಗೆ ಬಂದ ‘ನಿಧಾನ’ವೂ ಅಲ್ಲಿಂದಲೇ ಬಂದದ್ದು. ಎರವಲಿಗೆ ಎರವಲನ್ನು ಕೊಟ್ಟು ಶುದ್ಧಿಯನ್ನು ಗಳಿಸಿದಂತಾಗುವುದಿಲ್ಲ. ಶಾಸ್ತ್ರಗ್ರಂಥದ ಗದ್ಯದಲ್ಲಿ ‘ಲಗೂನ’ ಸಲ್ಲದಿರಬಹುದು. ಆದರೆ ಕಥೆಯಲ್ಲಿ, ಪ್ರಬಂಧದಲ್ಲಿ, ಪಾತ್ರಗಳ ಮಾತಿನಲ್ಲಿ ಅದನ್ನು ಹೊಡೆದುಹಾಕುವವರು ಗಡಿಯ ಕನ್ನಡದ ಒಂದು ವ್ಯಾಕರಣವನ್ನೇ ಹೊಡೆದುಹಾಕುತ್ತಿದ್ದಾರೆ.

ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿಯೇ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗೆ ಪ್ರತ್ಯೇಕ ಪ್ರಕರಣವನ್ನು ಮೀಸಲಿಟ್ಟನು. ನೆಬ್ರಿಹಾನ ಕ್ಯಾಸ್ಟೀಲಿಯನ್ ವ್ಯಾಕರಣ ಅಚ್ಚಾದದ್ದು 1492ರಲ್ಲಿ. ಇಷ್ಟು ಹಳೆಯ ವಿಚಾರಪರಂಪರೆಯುಳ್ಳ ವಿಷಯವು ಇಂದು ಎರಡು ಅಂಕದ ಪ್ರಶ್ನೆಯಾಗಿ, ನಾಲ್ಕು ಉದಾಹರಣೆಗಳ ಪಟ್ಟಿಯಾಗಿ ಉಳಿದಿರುವುದು ವಿಷಾದದ ಸಂಗತಿ. ಮೆಲ್ಲನೆ, ತಟ್ಟನೆ, ನೆಟ್ಟಗೆ, ಸರಸರ, ಬಿಕ್ಕಿಬಿಕ್ಕಿ, ಕಣ್ಣಾರೆ, ಹೊಟ್ಟೆತುಂಬ, ಮನಸಾರೆ ಇವು ಒಂದೊಂದೂ ಒಂದೊಂದು ಬಗೆಯಲ್ಲಿ ಹುಟ್ಟಿದ ಪದಗಳು. ಇವುಗಳಲ್ಲಿ ಕೊನೆಯದು ‘ಮೆಂತೆ’ಯ ದೂರದ ನೆಂಟ, ಏಕೆಂದರೆ ಸಂಸ್ಕೃತದ ‘ಮನಸ್’ ಮತ್ತು ಲ್ಯಾಟಿನ್ನಿನ ‘ಮೆನ್ಸ್’ ಒಂದೇ ಮೂಲದವು. ವ್ಯತ್ಯಾಸವಿಷ್ಟೇ: ಕನ್ನಡದ ನದಿ ಮನಸಾರೆ ಹರಿಯದು. ಇಲ್ಲಿ ಮನಸ್ಸಿನ ಅರ್ಥ ಇನ್ನೂ ಸವೆದಿಲ್ಲ.

ಎರಡು ಭಾಷೆಗಳ ನಡುವೆ ಬೆಳೆದ ವಿದ್ಯಾರ್ಥಿಗೆ ಒಂದು ಹೆಚ್ಚಿನ ಅನುಕೂಲವಿದೆ. ಸ್ಪ್ಯಾನಿಷಿನಲ್ಲಿ ಗಂಡಸು ‘ಯೆಗೊ ಕನ್ಸಾದೊ’, ಹೆಂಗಸು ‘ಯೆಗೊ ಕನ್ಸಾದ’; ಬಂದ ರೀತಿಯನ್ನು ಹೇಳುವ ಪದವು ಬಂದವರ ಲಿಂಗವನ್ನು ಹೊತ್ತಿದೆ, ಕ್ರಿಯಾಪದದಲ್ಲಿ ಲಿಂಗವಿಲ್ಲ. ಇಂಗ್ಲಿಷಿನ ಮೂಲಕ ಕಲಿಯುವವರು ಇಲ್ಲಿ ತಡವರಿಸುತ್ತಾರೆ. ಮರಾಠಿಯಲ್ಲಿ ‘ತೋ ಉಭಾ ರಾಹಿಲಾ’, ‘ತೀ ಉಭೀ ರಾಹಿಲೀ’ ಎಂದು ಆಡಿ ಬೆಳೆದವರಿಗೆ ಅದು ಮನೆಯದೇ ಸಂಗತಿ. ಅದೇ ಸ್ಪ್ಯಾನಿಷ್ ವಾಕ್ಯವನ್ನು ಕನ್ನಡಕ್ಕೆ ತರುವಾಗ ‘ಅವಳು ಆಯಾಸಗೊಂಡವಳಾಗಿ ಬಂದಳು’ ಎಂದು ಬರೆಯುವವರಿದ್ದಾರೆ. ‘ದಣಿದು ಬಂದಳು’ ಎಂದರೆ ಸಾಕು.