ಹಳೆಯ ಗಿರಣಿಯ ಪ್ರಕರಣವನ್ನು ಓದುವ ಬಗೆ

ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಗಳಲ್ಲಿ ಕಲಿತು ವಾಣಿಜ್ಯ ಇಲ್ಲವೆ ಎಂಬಿಎ ಪದವಿಗಾಗಿ ಸೊಲ್ಲಾಪುರಕ್ಕೆ ಬರುವ ವಿದ್ಯಾರ್ಥಿಗಳಿಗೆ ಪ್ರಕರಣ ಅಧ್ಯಯನ, ಎಂದರೆ ಕೇಸ್ ಸ್ಟಡಿ, ತೊಡಕಾಗುವುದುಂಟು. ಹತ್ತಾರು ಪುಟಗಳ ಇಂಗ್ಲಿಷ್ ಬರಹ, ಕೊನೆಗೆ ಒಂದೇ ಪ್ರಶ್ನೆ: ಈಗ ಏನು ಮಾಡಬೇಕು? ಉದಾಹರಣೆಗಳು ಬಹುಮಟ್ಟಿಗೆ ದೂರದೇಶದ ಕಂಪನಿಗಳವು. ಆದರೆ ಈ ವಿದ್ಯೆಗೆ ಬೇಕಾದ ಪಾಠ ಸೊಲ್ಲಾಪುರದ 'ಜುನಿ ಮಿಲ್ಲಿ'ನಲ್ಲಿಯೇ ಇದೆ.

1870ರ ದಶಕದಲ್ಲಿ ಹುಟ್ಟಿದ ಸೊಲ್ಲಾಪುರ ಸ್ಪಿನ್ನಿಂಗ್ ಅಂಡ್ ವೀವಿಂಗ್ ಕಂಪನಿ 1949ರ ಜುಲೈಯಲ್ಲಿ ಗಿರಣಿ ಮುಚ್ಚುವ ನೋಟಿಸು ಹಚ್ಚಿತು, ಆಗಸ್ಟಿನಲ್ಲಿ ಮುಚ್ಚಿತು. 1950ರ ಜನವರಿ 9ರಂದು ಸುಗ್ರೀವಾಜ್ಞೆ ಹೊರಟು, ಆಡಳಿತ ಸರಕಾರ ನೇಮಿಸಿದ ನಿರ್ದೇಶಕರ ಕೈಗೆ ಹೋಯಿತು. ಅವರು ಪ್ರಿಫರೆನ್ಸ್ ಷೇರುದಾರರಿಂದ ಷೇರೊಂದಕ್ಕೆ ಬಾಕಿಯಿದ್ದ 50 ರೂಪಾಯಿ ಕೇಳಿದರು. ಚಿರಂಜೀತಲಾಲ ಚೌಧರಿ ಎಂಬ ಷೇರುದಾರರ ಅರ್ಜಿಯನ್ನು ಸುಪ್ರೀಂ ಕೋರ್ಟು 1950ರ ಡಿಸೆಂಬರಿನಲ್ಲಿ ಮೂರಕ್ಕೆ ಎರಡರ ಬಹುಮತದಿಂದ ತಳ್ಳಿಹಾಕಿತು. 1953ರ ಡಿಸೆಂಬರಿನಲ್ಲಿ ದ್ವಾರಕಾದಾಸ ಶ್ರೀನಿವಾಸ ಅವರ ದಾವೆಯಲ್ಲಿ ಅದೇ ನ್ಯಾಯಾಲಯ ಅದೇ ಕಾಯದೆಯನ್ನು ಅಸಿಂಧುವೆಂದಿತು.

ಮೊದಲ ಓದು ಹೀಗೆ ಕಾಲಕ್ರಮವನ್ನು ಹಿಡಿಯುವುದಕ್ಕಷ್ಟೇ. ಎರಡನೆಯ ಓದಿನಲ್ಲಿ ಸಂಗತಿ ಯಾವುದು, ಹೇಳಿಕೆ ಯಾವುದು ಎಂದು ಬೇರ್ಪಡಿಸಬೇಕು. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ದುರಾಡಳಿತ ಮತ್ತು ನಿರ್ಲಕ್ಷ್ಯದಿಂದ ಉತ್ಪಾದನೆ ಕುಂಠಿತವಾಗಿ ನಿರುದ್ಯೋಗ ಉಂಟಾಯಿತೆಂದು ಶಾಸನದ ಪೀಠಿಕೆ ಹೇಳುತ್ತದೆ. ಗಿರಣಿ ಮುಚ್ಚಿದ್ದು ಸಂಗತಿ; ದುರಾಡಳಿತವೇ ಕಾರಣವೆಂಬುದು ಸರಕಾರದ ಹೇಳಿಕೆ. ಉತ್ತರಪತ್ರಿಕೆಯ ಮೊದಲ ಸಾಲಿನಲ್ಲಿಯೇ 'ಕಾರಣ: ದುರಾಡಳಿತ' ಎಂದು ಬರೆದವನು ವಿಶ್ಲೇಷಣೆ ಮಾಡಲಿಲ್ಲ, ನಕಲು ಮಾಡಿದನು. ದೇಶವಿಭಜನೆಯಿಂದ ಸಿಂಧ್ ಮತ್ತು ಪಶ್ಚಿಮ ಪಂಜಾಬದ ಹತ್ತಿಯ ನೆಲ ಗಡಿಯಾಚೆಗೆ ಹೋಗಿತ್ತು. ಅದು ಕಾರಣವಾಗಿದ್ದರೆ ಊರಿನ ನರಸಿಂಗ ಗಿರ್ಜಿ, ಲಕ್ಷ್ಮೀ, ವಿಷ್ಣು ಗಿರಣಿಗಳಿಗೂ ಅದೇ ಪೆಟ್ಟು ಬೀಳಬೇಕಿತ್ತು. ಆದುದರಿಂದ ಅವುಗಳ ಲೆಕ್ಕವನ್ನು ಪಕ್ಕಕ್ಕಿಟ್ಟು ಹೋಲಿಸದೆ ಕಾರಣ ನಿರ್ಣಯವಾಗದು. ಭಿನ್ನಮತ ಬರೆದ ಇಬ್ಬರು ನ್ಯಾಯಮೂರ್ತಿಗಳನ್ನು ಕಾಡಿದ್ದೂ ಇಂತಹ ಪ್ರಶ್ನೆಯೇ: ಈ ಒಂದೇ ಕಂಪನಿಗೆ ಪ್ರತ್ಯೇಕ ಕಾನೂನು ಏಕೆ?

ಮುಂದಿನ ಹೆಜ್ಜೆ, ಯಾರ ಕುರ್ಚಿಯಲ್ಲಿ ಕುಳಿತು ನಿರ್ಧರಿಸಬೇಕೆಂಬುದು. ಸರಕಾರಕ್ಕೆ ಅದು ಬಟ್ಟೆಯ ಮತ್ತು ಉದ್ಯೋಗದ ಪ್ರಶ್ನೆ. ಷೇರುದಾರನಿಗೆ ಅಧಿಕಾರ ಕಳೆದುಕೊಂಡ ಮೇಲೆಯೂ ಹಣ ಕೊಡಬೇಕಾದ ಸಂಕಟ. ಮಗ್ಗದ ಮುಂದೆ ನಿಂತವನಿಗೆ ಬರುವ ವಾರದ ಜೋಳದ ಚಿಂತೆ. ಇವನ ಮಾತು ಪ್ರಕರಣದ ಕಾಗದಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಇಲ್ಲದಿರುವುದನ್ನು ಗುರುತಿಸುವುದೂ ವಿಶ್ಲೇಷಣೆಯೇ.

ಅಂಕಿಗಳನ್ನು ಕೂಡಿಸಿದರೆ ಸಾಲದು, ಪ್ರಶ್ನಿಸಬೇಕು. ಆ 50 ರೂಪಾಯಿಯನ್ನೇ ತೆಗೆದುಕೊಳ್ಳಿರಿ. ಹೊಸ ನಿರ್ದೇಶಕರು ಬಂದ ಮಾತ್ರಕ್ಕೆ ಯಂತ್ರಗಳು ತಿರುಗುವುದಿಲ್ಲ. ಹತ್ತಿ ಕೊಳ್ಳಲು, ಕೂಲಿ ಕೊಡಲು ದುಡಿಯುವ ಬಂಡವಾಳ ಬೇಕು. ಅದನ್ನು ಯಾರಿಂದ ತರಬೇಕೆಂಬ ಪ್ರಶ್ನೆಯಿಂದಲೇ 1953ರ ತೀರ್ಪಿನವರೆಗಿನ ವ್ಯಾಜ್ಯ ಬೆಳೆಯಿತು.

ಬಳಿಕ ಪರ್ಯಾಯಗಳು: ಕಂಪನಿಯನ್ನು ಸಮಾಪನಗೊಳಿಸಿ ಮಾರುವುದು, ಹಳೆಯ ಆಡಳಿತಕ್ಕೆ ಷರತ್ತಿನ ಸಾಲ ಕೊಡುವುದು, ಸರಕಾರವೇ ನಡೆಸುವುದು. ಪ್ರತಿಯೊಂದರಲ್ಲಿಯೂ ಹೊರೆ ಯಾರ ಹೆಗಲಿಗೆ ಬೀಳುವುದೆಂದು ಬರೆಯಬೇಕು. 1950ರ ಜನವರಿಯ ನಿರ್ಧಾರವನ್ನು ಅಂದು ತಿಳಿದಿದ್ದಷ್ಟರಿಂದಲೇ ತೂಗಬೇಕು. ಕಾಯದೆ ಬಿದ್ದುಹೋಗುವುದೆಂದಾಗಲಿ, 1955ರ ನಾಲ್ಕನೆಯ ತಿದ್ದುಪಡಿ ಸೀಮಿತ ಅವಧಿಗೆ ಆಡಳಿತ ವಹಿಸಿಕೊಳ್ಳುವ ಕಾನೂನುಗಳಿಗೆ ಸಂವಿಧಾನದ ರಕ್ಷಣೆ ಕೊಡುವುದೆಂದಾಗಲಿ ಅಂದು ಯಾರಿಗೂ ಗೊತ್ತಿರಲಿಲ್ಲ.

ಉತ್ತರದಲ್ಲಿ ಆಯ್ದ ನಿರ್ಧಾರ ಮೊದಲ ವಾಕ್ಯದಲ್ಲಿಯೇ ಇರಲಿ, ಆಧಾರಗಳು ಅದರ ಹಿಂದೆ ಬರಲಿ. ಯಾವ ಮಾಹಿತಿ ಸಿಕ್ಕರೆ ನಿರ್ಧಾರ ಬದಲಾಗುವುದೆಂಬುದನ್ನೂ ಹೇಳಬೇಕು. ಟಿಪ್ಪಣಿಯನ್ನು ಕನ್ನಡದಲ್ಲಿ ಮಾಡಿಕೊಂಡು ಉತ್ತರವನ್ನು ಪರೀಕ್ಷೆಯ ಭಾಷೆಯಲ್ಲಿ ಬರೆಯುವುದರಲ್ಲಿ ಸಂಕೋಚಪಡುವ ಕಾರಣವಿಲ್ಲ.